ನಗುವವರ ಬಾಯಿ ಮುಚ್ಚಿಸಬೇಡಿ, ಲೋಕಾಯುಕ್ತಕ್ಕೆ ಹಲ್ಲು ಮರಳಿಸಿ

ಮಂಜೇಶ್ವರ ಮತ್ತು ಕಾಸರಗೋಡು ಕ್ಷೇತ್ರಗಳ ಮಾನ್ಯ ಶಾಸಕರಿಗೆ,

ನಮಸ್ಕಾರ. ಶಾಸಕರು ಕೆಲಸ ಮಾಡದಿದ್ದರೆ ವಾಗ್ದಂಡನೆ ಮಾಡಿ ಇಳಿಸಬಹುದಲ್ಲವೇ ಎಂದು ನಮ್ಮೂರುಗಳಲ್ಲಿ ಹಲವರು ಕೇಳುತ್ತಾರೆ. ಆಗುವುದಿಲ್ಲ. ಸಂವಿಧಾನದ 61ನೇ ವಿಧಿಯ ವಾಗ್ದಂಡನೆ ರಾಷ್ಟ್ರಪತಿಗೆ ಮಾತ್ರ. ಅದಕ್ಕೆ ಸದನದ ಕಾಲುಭಾಗ ಸದಸ್ಯರ ಸಹಿ, 14 ದಿನಗಳ ನೋಟಿಸು, ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು ಮತ ಬೇಕು. ಶಾಸಕರನ್ನು ಮರಳಿ ಕರೆಸಲು ಕೇರಳ ವಿಧಾನಸಭೆಯೇ ಕಾನೂನು ಮಾಡಲಿ ಎಂದರೆ ಅದಕ್ಕೂ 191ನೇ ವಿಧಿ ಅಡ್ಡ ಬರುತ್ತದೆ. ಅನರ್ಹತೆಗೆ ಹೊಸ ಕಾರಣ ಸೇರಿಸುವ ಅಧಿಕಾರ ಸಂಸತ್ತಿನದು. ಆದ್ದರಿಂದ ನಿಮ್ಮ ಕೈಯಲ್ಲಿಲ್ಲದ್ದನ್ನು ನಾವು ಕೇಳುತ್ತಿಲ್ಲ. ಕೇಳುವುದು ನಿಮ್ಮ ಕೆಲಸವನ್ನು ನೋಡಿ ನಗುವ ಹಕ್ಕು, ಮತ್ತು ಭ್ರಷ್ಟಾಚಾರದ ದೂರು ವಿಚಾರಿಸುವ ಸಂಸ್ಥೆಯಾದ ಲೋಕಾಯುಕ್ತಕ್ಕೆ ಹಿಂದಿನ ಬಲ.

ನಿಮಗಿಂತ ಕೆಳಗಿನ ಮೆಟ್ಟಿಲಲ್ಲಿರುವವರ ಲೆಕ್ಕ ಎಷ್ಟು ಬಿಗಿಯಾಗಿದೆ ನೋಡಿ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 157ನೇ ಕಲಂ ಪ್ರಕಾರ ಅಧ್ಯಕ್ಷರ ಮೇಲೆ ಅವಿಶ್ವಾಸ ಗೊತ್ತುವಳಿ ತರಲು ಮೂರನೇ ಒಂದು ಪಾಲು ಸದಸ್ಯರ ಸಹಿ ಸಾಕು. 15 ಸ್ಥಾನಗಳ ಪಂಚಾಯತಾದರೆ ಐವರು. ಸಹಿ ಹಾಕಿದವರಲ್ಲಿ ಇಬ್ಬರು ಖುದ್ದಾಗಿ ಹೋಗಿ ನೋಟಿಸನ್ನು ನಿಗದಿತ ಅಧಿಕಾರಿಯ ಕೈಗೆ ಕೊಡಬೇಕು. 15 ಕೆಲಸದ ದಿನಗಳೊಳಗೆ ಸಭೆ ಸೇರಬೇಕು. ಇಳಿಸಲು ಎಂಟು ಮತ ಬೇಕು. ಸ್ಥಾನ ಖಾಲಿ ಇದ್ದರೂ ಲೆಕ್ಕ 15ಕ್ಕೇ. ಎಡವುವುದೂ ಇಲ್ಲೇ. ಹಾಜರಿದ್ದವರಲ್ಲಿ ಬಹುಮತ ಸಿಕ್ಕರೆ ಗೆದ್ದೆವು ಎಂದುಕೊಂಡವರು ಸೋಲುತ್ತಾರೆ. ಪಕ್ಷ ತನ್ನವರನ್ನು ಸಭೆಗೆ ಬಾರದಂತೆ ತಡೆದು ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಮುರಿದರೂ ಗೊತ್ತುವಳಿ ಬಿದ್ದಂತೆಯೇ, ಮತ್ತೆ ಆರು ತಿಂಗಳು ಕಾಯಬೇಕು. ಇನ್ನು ವಾರ್ಡ್ ಸದಸ್ಯರು ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಕರೆಯಲೇಬೇಕು. ಸತತ ಎರಡು ಬಾರಿ ತಪ್ಪಿದರೆ ಸದಸ್ಯತ್ವಕ್ಕೇ ಕುತ್ತು.

ಶಾಸಕರಿಗೆ ಇಂಥದ್ದೇನೂ ಇಲ್ಲ. ಕೋರ್ಟು ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಿದರೆ, ಇಲ್ಲವೇ ಪಕ್ಷಾಂತರ ಮಾಡಿದರೆ ಸ್ಥಾನ ಹೋಗಬಹುದು. ಸುಮ್ಮನೆ ಕೂತಿದ್ದಕ್ಕೆ ಹೋಗದು. ಉಳಿದಿದ್ದ ಒಂದು ಆಸರೆ ಲೋಕಾಯುಕ್ತ. 2021ರ ಏಪ್ರಿಲ್‌ನಲ್ಲಿ ತಮ್ಮ ವಿರುದ್ಧ ಅದರ ವರದಿ ಬಂದ ಮೇಲೆ ಸಚಿವ ಕೆ.ಟಿ. ಜಲೀಲ್ ರಾಜೀನಾಮೆ ಕೊಟ್ಟರು. ಮರುವರ್ಷ ಆಗಸ್ಟ್‌ನಲ್ಲಿ ವಿಧಾನಸಭೆ ಲೋಕಾಯುಕ್ತ ಕಾಯ್ದೆಯ 14ನೇ ಕಲಮಿಗೆ ತಿದ್ದುಪಡಿ ತಂದಿತು, 2024ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಈಗ ಮುಖ್ಯಮಂತ್ರಿಯ ಮೇಲಿನ ತೀರ್ಪನ್ನು ವಿಧಾನಸಭೆ, ಸಚಿವರ ಮೇಲಿನದನ್ನು ಮುಖ್ಯಮಂತ್ರಿ, ಶಾಸಕರ ಮೇಲಿನದನ್ನು ಸ್ಪೀಕರ್ ಪರಿಶೀಲಿಸಿ ಒಪ್ಪಬಹುದು, ಬಿಡಬಹುದು. ಆರೋಪಿಯ ಮನೆಯವರೇ ಪಂಚಾಯಿತಿಗೆ ಕೂತ ಹಾಗಾಯಿತು. ಹಲ್ಲು ಕಿತ್ತ ಹಾವಿಗೆ ಯಾರೂ ಹೆದರುವುದಿಲ್ಲ.

ಹೀಗಾಗಿ ಐದು ವರ್ಷ ಜನರ ಕೈಯಲ್ಲಿ ಉಳಿಯುವುದು ನಗು ಒಂದೇ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯಲಾಟದ ಒಡ್ಡೋಲಗದಲ್ಲಿ ಕಿರೀಟ ಹೊತ್ತ ರಾಜ ಗತ್ತಿನಿಂದ ಕೂತಿರುತ್ತಾನೆ. ದೂತನಾಗಿ ಬಂದ ಹಾಸ್ಯಗಾರ ಊರಮಾತಿನಲ್ಲಿ ಒಂದೇ ಒಂದು ಪ್ರಶ್ನೆ ಹಾಕುತ್ತಾನೆ, ಸಭೆಯೆಲ್ಲ ನಗುತ್ತದೆ, ರಾಜ ಉತ್ತರಿಸಲೇಬೇಕಾಗುತ್ತದೆ. ಆಟ ಮುಗಿದ ಮೇಲೆ ಯಾರೂ ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಗೆ ಪೊಲೀಸರನ್ನು ಕಳಿಸುವುದಿಲ್ಲ.

ಆದರೆ 2020ರ ನವೆಂಬರಿನಲ್ಲಿ ಕೇರಳ ಪೊಲೀಸ್ ಕಾಯ್ದೆಗೆ 118ಎ ಸೇರಿಸಿ, ನಿಂದನೆಯ ಹೆಸರಿನಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ಬಂತು. ಜನ ಎದ್ದು ನಿಂತರು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆಯಬೇಕಾಯಿತು. ಮತ್ತೊಮ್ಮೆ ಅಂಥದ್ದು ಬಂದರೆ ನೀವು ಸದನದಲ್ಲಿ ಎದ್ದು ಬೇಡ ಎನ್ನಬೇಕು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೇ ಮಾನಹಾನಿಗೆ ಎರಡು ವರ್ಷದವರೆಗೆ ಶಿಕ್ಷೆ ಇದೆ. ಸಾರ್ವಜನಿಕ ಸೇವಕರ ಅಧಿಕೃತ ನಡವಳಿಕೆಯ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯಕ್ಕೆ ವಿನಾಯಿತಿಯೂ ಅಲ್ಲೇ ಇದೆ.

ಆ ವಿನಾಯಿತಿಯೊಳಗೆ ನಿಲ್ಲುವ ಹೊಣೆ ಗೇಲಿ ಮಾಡುವವರದ್ದು ಎಂಬುದನ್ನು ಒಪ್ಪುತ್ತೇವೆ. ರಸ್ತೆ ಕೆಲಸದ ಬಗ್ಗೆ ವ್ಯಂಗ್ಯಚಿತ್ರ ಬರೆಯುವ ಮೊದಲು 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್ಲು, ಮೂರರ ಪ್ರತಿಯೂ ಬೇಕು. 30 ದಿನಗಳೊಳಗೆ ಉತ್ತರ ಬರಬೇಕು. ಪುಸ್ತಕದಲ್ಲಿ 20 ಮಿಲಿಮೀಟರ್ ಟಾರು ಎಂದು ಬರೆದಿದ್ದು, ಡಾಂಬರಿನ ಅಂಚಿಗೆ ಸ್ಕೇಲು ಹಿಡಿದರೆ ಅರ್ಧವೂ ಇಲ್ಲದಿದ್ದರೆ, ಆ ಎರಡು ಅಂಕೆಗಳನ್ನು ಪಕ್ಕಪಕ್ಕ ಬರೆದರೂ ಸಾಕು, ಊರು ನಗುತ್ತದೆ. ಜಾತಿ, ಮೈಬಣ್ಣ, ಹೆಂಡತಿ ಮಕ್ಕಳನ್ನು ಎಳೆದು ತಂದರೆ ಅದು ಗೇಲಿಯಲ್ಲ, ಬೈಗುಳ. ಅಲ್ಲಿ ನಾವು ನಿಮ್ಮ ಪರ ನಿಲ್ಲುತ್ತೇವೆ.

ಕೇಳುವುದು ಎರಡೇ. ಅಧಿಕೃತ ಕೆಲಸವನ್ನು ಗೇಲಿ ಮಾಡಿದ್ದಕ್ಕೆ ಪೊಲೀಸ್ ದೂರು ಕೊಡುವುದಿಲ್ಲ ಎಂದು ಬರವಣಿಗೆಯಲ್ಲಿ ಹೇಳಿ. ಲೋಕಾಯುಕ್ತ ಕಾಯ್ದೆಯ 14ನೇ ಕಲಮನ್ನು ಮೊದಲಿನಂತೆ ಮಾಡಲು ಖಾಸಗಿ ಸದಸ್ಯರ ಮಸೂದೆ ಮಂಡಿಸಿ. ಇದು ನಿಮ್ಮ ಅಧಿಕಾರದೊಳಗೇ ಇದೆ. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರಕ್ಕೆ ಬರೆದು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಕೊಟ್ಟಿದೆ. ನಿಮ್ಮ ಉತ್ತರವನ್ನೂ ಕನ್ನಡದಲ್ಲೇ, ಮುಂದಿನ ಅಧಿವೇಶನಕ್ಕೆ ಮೊದಲು ಎದುರು ನೋಡುತ್ತೇವೆ.

ಇತಿ,
ಕಾಸರಗೋಡಿನ ಕನ್ನಡ ಮತದಾರರು