ಓದಿ ಹೇಳಿದ ಕಂಠಗಳಿಗೆ

ಅಮೆರಿಕದ ಆರಂಭಕಾಲದ ಇತಿಹಾಸದ ಬಗ್ಗೆ ನಾನು ಬರೆದ ಪಿಎಚ್‌ಡಿ ಪ್ರಬಂಧ ಕಳೆದ ವಾರ ಅಂಗೀಕಾರವಾಯಿತು. ಒಂಬತ್ತು ವರ್ಷ ಹಿಡಿದ ಈ ಕೆಲಸದ ನಡುವೆ, ಕಣ್ಣಿನ ಶಸ್ತ್ರಚಿಕಿತ್ಸೆಗಳಿಂದಾಗಿ ಹದಿನಾಲ್ಕು ತಿಂಗಳು ಒಂದಕ್ಷರವನ್ನೂ ಓದಲಾಗದೆ ಕುಳಿತಿದ್ದೆ. ಆಗ ಜೊತೆಗಿದ್ದವರನ್ನು ಎಲ್ಲರೆದುರು ನೆನೆಯಬೇಕೆಂದು ಈ ಬರಹ.

ಮೊದಲ ಋಣ, ನಾನು ಎಂದೂ ಭೇಟಿಯಾಗದ ಅಮೆರಿಕದ ಇತಿಹಾಸಕಾರ್ತಿ ಲಾರೆಲ್ ಥ್ಯಾಚರ್ ಉಲ್ರಿಕ್ ಅವರದು. ಐದು ಮಕ್ಕಳ ತಾಯಿಯಾಗಿದ್ದ ಅವರು 1980ರಲ್ಲಿ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮುಂದೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದರು. ಅಮೆರಿಕದ ಈಗಿನ ಮೇನ್ ರಾಜ್ಯದಲ್ಲಿ ಕೆನೆಬೆಕ್ ನದಿಯ ದಡದ ಹ್ಯಾಲೊವೆಲ್ ಊರಿನಲ್ಲಿದ್ದ ಮಾರ್ಥಾ ಬ್ಯಾಲರ್ಡ್ ಎಂಬ ಸೂಲಗಿತ್ತಿ 1785ರಿಂದ 1812ರವರೆಗೆ ಬರೆದ ದಿನಚರಿಯನ್ನು ಹಿಂದಿನ ಇತಿಹಾಸಕಾರರು ಮನೆವಾರ್ತೆಯ ಕ್ಷುಲ್ಲಕ ವಿವರವೆಂದು ಬದಿಗಿಟ್ಟಿದ್ದರು. ಉಲ್ರಿಕ್ ಅವರು ಅದರ 816 ಹೆರಿಗೆಗಳನ್ನೂ, ನೂತ ನೂಲನ್ನೂ, ಬಂದ ಬಾಕಿಯನ್ನೂ ಎಣಿಸಿ, ನ್ಯಾಯಾಲಯದ ಕಾಗದಪತ್ರಗಳ ಪಕ್ಕದಲ್ಲಿಟ್ಟು ಓದಿದಾಗ ಒಂದಿಡೀ ಊರಿನ ಹೆಂಗಸರ ಆರ್ಥಿಕತೆ ಕಾಣಿಸಿತು. ಈ ಓದಿನಿಂದ ಹುಟ್ಟಿದ ಅವರ ‘ಎ ಮಿಡ್‌ವೈಫ್ಸ್ ಟೇಲ್’ ಕೃತಿಗೆ 1991ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ನನ್ನ ಪ್ರಬಂಧ ಹುಟ್ಟಿದ್ದು ಆ ಎಣಿಕೆಯಿಂದಲೇ. ಹೆಂಗಸರು ಒಬ್ಬರಿಂದೊಬ್ಬರು ಪಡೆದ ಬಟ್ಟೆ ಮತ್ತು ದುಡಿಮೆಯ ಲೆಕ್ಕ ನನ್ನ ವಿಷಯ.

ದಿನಚರಿಯ ಪುಟಗಳ ಚಿತ್ರಗಳೂ ಪಠ್ಯವೂ ಅಂತರ್ಜಾಲದಲ್ಲಿರುವುದರಿಂದ, ಕಣ್ಣು ಕಟ್ಟಿಕೊಂಡಿದ್ದ ನನಗೆ ಅವನ್ನು ನನ್ನ ಸೊಸೆಯೂ ಇಬ್ಬರು ಸಹಪಾಠಿಗಳೂ ಸರದಿಯಲ್ಲಿ ಓದಿ ಹೇಳಿದರು. ಅವರಲ್ಲಿ ಯಾರೂ ಈ ಕಾಲವನ್ನು ಅಭ್ಯಾಸ ಮಾಡಿದವರಲ್ಲ. ಮಾರ್ಥಾ ಕಾಗುಣಿತವನ್ನು ಬಹಳ ಕಡೆ ಕಿವಿಗೆ ಬಿದ್ದಂತೆ ಬರೆದವಳು. ಪರದೆಯ ಮೇಲೆ ನನ್ನನ್ನು ವರ್ಷಗಟ್ಟಲೆ ಕಾಡಿದ್ದ ಕೆಲವು ಪದಗಳು, ಅರ್ಥ ಗೊತ್ತಿಲ್ಲದೆ ಅವರು ಬಿಡಿಬಿಡಿಯಾಗಿ ಉಚ್ಚರಿಸಿದೊಡನೆ ಥಟ್ಟನೆ ಅರ್ಥವಾದವು. ಮೂರನೆಯ ಅಧ್ಯಾಯದಲ್ಲಿ ತಿದ್ದಿದ ಓದುಗಳೆಲ್ಲ ಆ ಸಂಜೆಗಳಲ್ಲಿ ದೊರೆತವು, ಮತ್ತು ಅಡಿಟಿಪ್ಪಣಿಯಲ್ಲಿ ಅದನ್ನು ಹೇಳಲು ಅನುಮತಿಯಿತ್ತ ಮಾರ್ಗದರ್ಶಕರಿಗೆ ನಾನು ವಿಶೇಷವಾಗಿ ಋಣಿ.

ಅವಧಿ ಮೀರಿದರೂ ನನ್ನ ಕಡತವನ್ನು ಮುಚ್ಚದ ವಿಭಾಗದ ಕಚೇರಿಯವರಿಗೆ, ಪ್ರತಿದಿನ ಔಷಧಿ ಹಾಕಿದ ಅಮ್ಮನಿಗೆ ಕೃತಜ್ಞತೆಗಳು. ನಮ್ಮಜ್ಜಿಯೂ ಸೂಲಗಿತ್ತಿಯಾಗಿದ್ದಳು, ಬರೆಯಲು ಬಾರದ ಆಕೆ ಎಷ್ಟು ಹೆರಿಗೆ ಮಾಡಿಸಿದಳೆಂಬುದಕ್ಕೆ ಯಾವ ಲೆಕ್ಕವೂ ಉಳಿದಿಲ್ಲ. ಹಾಗಾಗಿ ಪ್ರಬಂಧದ ಅರ್ಪಣೆಯ ಪುಟದಲ್ಲಿ ಅವಳ ಹೆಸರಿದೆ.