ಕೊಡಲಿಯ ಬೆನ್ನು ಹಿಡಿದ ಚಿಟ್ಟೆ

ಕ್ಯಾಂಟರ್ಬರಿ, ಇಂಗ್ಲೆಂಡ್
ಜೂನ್ 29

ಪ್ರೀತಿಯ ಅಪ್ಪಯ್ಯನಿಗೂ ಆಯಿಗೂ ನಮಸ್ಕಾರ.

ನಾವೆಲ್ಲ ಆರಾಮಾಗಿದ್ದೇವೆ. ಆಯಿ ಕಳಿಸಿದ ಅಪ್ಪೆಮಿಡಿ ಒಂದು ಹನಿಯೂ ಸೋರದೆ ಬಂದು ಮುಟ್ಟಿತು. ಅಲ್ಲಿ ಮಳೆ ಹಿಡಿದಿರಬೇಕು. ಅಡಿಕೆಗೆ ಔಷಧಿ ಹೊಡೆದು ಆಯ್ತಾ?

ಅಪ್ಪಯ್ಯ, ನಿನಗೊಂದು ಚಿಟ್ಟೆಯ ವಿಷಯ ಹೇಳಬೇಕಿತ್ತು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರಿನ ಉತ್ತರಕ್ಕೆ ಬ್ಲೀನ್ ಅಂತ ದೊಡ್ಡ ಕಾಡಿದೆ. ಪಕ್ಕದ ಮನೆಯ ಅಜ್ಜ ಕಳೆದ ಭಾನುವಾರ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಅರ್ಧ ಗಂಟೆ ದಟ್ಟ ನೆರಳಿನಲ್ಲಿ ನಡೆದೆವು. ತಟ್ಟನೆ ಒಂದು ಬಯಲು ಬಂತು. ಮರಗಳನ್ನೆಲ್ಲ ಬುಡಕ್ಕೇ ಕಡಿದು ಹಾಕಿದ್ದಾರೆ, ಬರೀ ಬೊಡ್ಡೆಗಳು. ನನಗೆ ಹೊಟ್ಟೆ ಉರಿದು ಹೋಯಿತು. 'ಅಯ್ಯೋ, ಇಲ್ಲೂ ಕಡಿದರಾ' ಅಂದೆ. ಅಜ್ಜ ಏನೂ ಹೇಳಲಿಲ್ಲ. ಬಿಸಿಲು ಬೀಳುವ ಒಂದು ಜಾಗ ತೋರಿಸಿ, ಸುಮ್ನೆ ನಿಂತುಕೋ ಅಂದರು.

ಮೋಡ ಸರಿದು ಬಿಸಿಲು ಬಿತ್ತು ನೋಡು, ನೆಲದಿಂದ ಮೊಳದೆತ್ತರದಲ್ಲಿ ಒಂದು, ಎರಡು, ಆಮೇಲೆ ಹತ್ತಾರು ಚಿಟ್ಟೆ! ನಾಲ್ಕು ಸಲ ರೆಕ್ಕೆ ಬಡಿಯುತ್ತವೆ, ಆಮೇಲೆ ರೆಕ್ಕೆ ಚಪ್ಪಟೆ ಹಿಡಿದು ತೇಲುತ್ತವೆ. ಒಂದು ನನ್ನ ಕಾಲ ಹತ್ತಿರವೇ ಎಲೆಯ ಮೇಲೆ ಕೂತಿತು. ರೆಕ್ಕೆ ಬಿಚ್ಚಿದರೆ ಎರಡು ಬೆರಳಿನಷ್ಟು ಅಗಲ. ಕಿತ್ತಳೆ ಬಣ್ಣದ ಮೇಲೆ ಕಪ್ಪು-ಕಂದು ಗೆರೆಗಳ ಜಾಳಿಗೆ. ಅಂಚಿನಲ್ಲಿ ಬಿಳಿ ನೂಲಿನ ಕುಚ್ಚು ಹಾಕಿದ ಹಾಗೆ. ಮಡಚಿದಾಗ ಕೆಳಗಡೆ ಕೆನೆ ಬಣ್ಣದ ಪಟ್ಟೆ.

ಪುಸ್ತಕದಲ್ಲಿ ಇದರ ಹೆಸರು 'ಹೀತ್ ಫ್ರಿಟಿಲರಿ'. ಫ್ರಿಟಿಲಸ್ ಅಂದರೆ ಲ್ಯಾಟಿನ್‌ನಲ್ಲಿ ದಾಳ ಅಲ್ಲಾಡಿಸುವ ಡಬ್ಬಿ. ಆ ಮಾತಿನಿಂದ ಬಂದ ಹೆಸರು, ಚೌಕುಳಿ ಮೈಯಿಗೆ ಅಂಟಿಕೊಂಡಿದೆ. ಹೀತ್ ಅಂದರೆ ಕುರುಚಲು ಗಿಡಗಳ ಬಯಲು. ದೂರದ ಎಕ್ಸ್‌ಮೂರ್ ಕಡೆ ಅಂಥ ಜಾಗದಲ್ಲಿ ಇದು ಇದೆಯಂತೆ. ಈ ಕೆಂಟ್ ಸೀಮೆಯಲ್ಲಿ ಮಾತ್ರ ಇದು ಕಾಡಿನದು. ಅಜ್ಜ ಇದನ್ನು ಕರೆಯುವುದು ಬೇರೆ ಹೆಸರಿನಿಂದ. 'ವುಡ್‌ಮನ್ಸ್ ಫಾಲೋವರ್'. ವುಡ್‌ಮನ್ ಅಂದರೆ ಕಾಡಿನಲ್ಲಿ ಮರ ಕಡಿಯುವ ಕೆಲಸದವನು. ಅವನ ಹಿಂದೆಯೇ ಬರುವುದು ಅಂತ. ಗದ್ದೆ ಹೂಡುವಾಗ ಎತ್ತಿನ ಹಿಂದೆ ಬೆಳ್ಳಕ್ಕಿ ಬರುತ್ತವಲ್ಲ, ಹಾಗೆ.

ಯಾಕೆ ಹಿಂದೆ ಬರುತ್ತದೆ ಅನ್ನುವುದನ್ನು ನಿನಗೆ ಸರಿಯಾಗಿ ಹೇಳಬೇಕು. ಇಲ್ಲಿ ಚೆಸ್ಟ್‌ನಟ್ ಮರಗಳನ್ನು ಬುಡ ಬಿಟ್ಟು ಕಡಿಯುತ್ತಾರೆ. ಬೊಡ್ಡೆ ಸಾಯುವುದಿಲ್ಲ. ಸುತ್ತಲೂ ಹತ್ತಾರು ಚಿಗುರು ಹೊಡೆದು, ಹದಿನೈದು ಇಪ್ಪತ್ತು ವರ್ಷಕ್ಕೆ ಬೇಲಿ ಗೂಟಕ್ಕೆ ಆಗುವಷ್ಟು ದಪ್ಪ ಆಗುತ್ತವೆ. ಮತ್ತೆ ಕಡಿಯುತ್ತಾರೆ. ಕಾಡನ್ನು ತುಂಡು ತುಂಡು ಮಾಡಿಕೊಂಡು ಈ ವರ್ಷ ಇದು, ಮುಂದಿನ ಸಲ ಅದು. ಕಡಿದ ಜಾಗಕ್ಕೆ ಬಿಸಿಲು ಬಿದ್ದ ಕೂಡಲೇ 'ಕೌ ವೀಟ್' ಅನ್ನುವ ಹಳದಿ ಹೂವಿನ ಸಣ್ಣ ಗಿಡ ಏಳುತ್ತದೆ. ಈ ಕಾಡಿನಲ್ಲಿ ಚಿಟ್ಟೆಯ ಹುಳಕ್ಕೆ ಅದೇ ಊಟ. ಚಳಿಗಾಲ ಪೂರ್ತಿ ಆ ಹುಳ ಸುರುಳಿಯಾದ ಒಣ ಎಲೆಯ ದರಕಿನೊಳಗೆ ಮಲಗಿರುತ್ತದೆ. ಕಡಿದ ಎರಡು ಮೂರು ವರ್ಷಕ್ಕೆ ಚಿಟ್ಟೆ ಜಾಸ್ತಿ. ಚಿಗುರು ಬೆಳೆದು ನೆರಳು ಮುಚ್ಚಿದರೆ ಗಿಡವೂ ಇಲ್ಲ, ಚಿಟ್ಟೆಯೂ ಇಲ್ಲ. ಅಷ್ಟರಲ್ಲಿ ಹೊಸದಾಗಿ ಕಡಿದ ತುಂಡಿಗೆ ಅದು ಹೋಗಬೇಕು. ಬಹಳ ದೂರ ಹಾರುವ ಜಾತಿ ಅಲ್ಲ. ಹಾಗಾಗಿ ಕೊಡಲಿ ಪಕ್ಕದಲ್ಲೇ ಬೀಳಬೇಕು.

ಅಂದರೆ ಅಜ್ಜ ಹೇಳುವ ಆ ಹೆಸರೊಂದರಲ್ಲೇ ಅದರ ಬದುಕು ಪೂರ್ತಿ ಇದೆ, ಅಲ್ವಾ? ಹೀತ್ ಫ್ರಿಟಿಲರಿ ಅಂದರೆ ಮೈ ಹೇಗಿದೆ ಗೊತ್ತಾಗುತ್ತದೆ. ಹೇಗೆ ಉಳಿಸಬೇಕು ಅಂತ ಗೊತ್ತಾಗುವುದಿಲ್ಲ. ಅಜ್ಜನ ಅಪ್ಪ ಇದೇ ಕೆಲಸ ಮಾಡುತ್ತಿದ್ದವರಂತೆ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತರೆ ಮೊಣಕಾಲ ಮೇಲೆ ಬಂದು ಕೂರುತ್ತಿತ್ತು ಅಂತ ಹೇಳುತ್ತಿದ್ದರಂತೆ. ಆಮೇಲೆ ಕಲ್ಲಿದ್ದಲು ಬಂತು, ತಂತಿ ಬೇಲಿ ಬಂತು. ಕಟ್ಟಿಗೆಯೂ ಗೂಟವೂ ಯಾರಿಗೂ ಬೇಡವಾಯಿತು. ಕಾಡನ್ನು ಅದರ ಪಾಡಿಗೆ ಬಿಟ್ಟರು. ನೆರಳು ಮುಚ್ಚಿತು. 1970ರ ದಶಕದ ಕೊನೆಯ ಹೊತ್ತಿಗೆ ಈ ಚಿಟ್ಟೆ ಬ್ರಿಟನ್ನಿನಿಂದಲೇ ಹೋಗಿಬಿಡುವ ಹಾಗೆ ಆಗಿತ್ತು. ಈಗ ಇದಕ್ಕೋಸ್ಕರವೇ ಮರ ಕಡಿಯುತ್ತಾರೆ. ನಾನು ಹೊಟ್ಟೆ ಉರಿಸಿಕೊಂಡಿದ್ದು ಆ ಬಯಲು ನೋಡಿಯೇ. 2022ರ ಜುಲೈನಲ್ಲಿ ಈ ಕಾಡಿನ ಪಶ್ಚಿಮ ಭಾಗಕ್ಕೆ ಯುರೋಪಿನ ಕಾಡೆಮ್ಮೆಗಳನ್ನೂ ತಂದು ಬಿಟ್ಟಿದ್ದಾರೆ. ಬೈಸನ್ ಅನ್ನುತ್ತಾರೆ, ನಮ್ಮ ಕಾಟಿಯ ದೂರದ ನಂಟ. ತೊಗಟೆ ಸುಲಿದು, ಪೊದೆ ಮುರಿದು ಅವು ಬಿಸಿಲಿಗೆ ದಾರಿ ಮಾಡಲಿ ಅಂತ.

ನನಗೆ ಅಲ್ಲಿ ನಿಂತಾಗ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟವೇ ಕಣ್ಣಿಗೆ ಬಂತು. ನೀನು ಮತ್ತಿ ಮರ ಸವರಿಸುವಾಗ ಯಾವ ಕೊಂಬೆ ಬಿಡಬೇಕು, ತುದಿ ಎಷ್ಟು ಉಳಿಸಬೇಕು ಅಂತ ಕೆಳಗೆ ನಿಂತು ಕೂಗುತ್ತಿದ್ದೆಯಲ್ಲ. ಪಟ್ಟಣದವರು ಯಾರಾದರೂ ನೋಡಿದರೆ ಬೆಟ್ಟ ಬೋಳು ಮಾಡುತ್ತಿದ್ದಾರೆ ಅಂದುಕೊಂಡಾರು. ನಾನೂ ಈ ಕಾಡಿಗೆ ಹಾಗೇ ಪಟ್ಟಣದವಳ ಹಾಗೆ ಹೋಗಿದ್ದೆ. ಎಲ್ಲ ಕಡಿತವೂ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಕಡಿದು ಮತ್ತೆ ಚಿಗುರಲು ಬಿಡುವುದೇ ಬೇರೆ, ಬೇರು ಸಮೇತ ಕಿತ್ತು ಹಾಕುವುದೇ ಬೇರೆ. ಅದನ್ನು ನೀನೇ ನನಗೆ ಹೇಳಿಕೊಟ್ಟಿದ್ದು.

ಈ ಹೆಸರನ್ನು ಕನ್ನಡದಲ್ಲಿ ಹೇಗೆ ಹೇಳಲಿ ಅಂತ ವಾರದಿಂದ ತಲೆ ಓಡಿಸುತ್ತಿದ್ದೇನೆ. 'ಕಡಿಯುವವನ ಹಿಂಬಾಲಕ' ಅಂದರೆ ಬಾಯಿಗೆ ಹತ್ತುವುದಿಲ್ಲ. 'ಕೊಡಲಿ ಚಿಟ್ಟೆ' ಅಂದರೆ ಸಣ್ಣದಾಯಿತು, ಆದರೆ ಬೆನ್ನು ಹತ್ತಿ ಬರುವ ಮಾತು ಬಿಟ್ಟುಹೋಯಿತು. ಆಯಿಗೆ ಹೊಳೆದರೆ ಹೇಳಲಿ, ಇಂಥದ್ದರಲ್ಲಿ ಅವಳು ಗಟ್ಟಿ.

ಒಂದು ಕೆಲಸ ಮಾಡು ಅಪ್ಪಯ್ಯ. ಸೊಪ್ಪು ಸವರಲು ಬರುವವರನ್ನು ಕೇಳು. ಸವರಿದ ಮರುವರ್ಷ ಬೆಟ್ಟದಲ್ಲಿ ಯಾವ ಚಿಟ್ಟೆ ಜಾಸ್ತಿ ಹಾರುತ್ತದೆ, ಅದಕ್ಕೆ ಅವರು ಏನಾದರೂ ಹೆಸರು ಹೇಳುತ್ತಾರಾ ಅಂತ. ಬರೀ ಚಿಟ್ಟೆ ಅಂದರೆ ಬಿಡಬೇಡ, ಅವರ ಅಜ್ಜಂದಿರು ಏನು ಅನ್ನುತ್ತಿದ್ದರು ಅಂತಲೂ ಕೇಳು. ಹೇಳಿದ್ದನ್ನು ಹಾಗೇ ಅವರ ಮಾತಿನಲ್ಲೇ ಬರೆದಿಡು, ಡಿಸೆಂಬರಿನಲ್ಲಿ ಬಂದಾಗ ನೋಡುತ್ತೇನೆ.

ನಿನ್ನ ಮಗಳು