ಮೋಟರ್ ಸುತ್ತಿಕೊಟ್ಟ ಅಣ್ಣನಿಗೆ, ಮತ್ತೆ ಉಳಿದವರಿಗೆ

ಹೋದ ವಾರ ವೈವಾ ಮುಗಿಯಿತು. ಪಿಎಚ್‌ಡಿ ಆಯಿತು. ಅಪ್ಪ ಆಗಲೇ ಮಂಡಕ್ಕಿ ಭಟ್ಟಿ ತುಂಬ "ಮಗಳು ಡಾಕ್ಟ್ರಾದ್ಲು" ಅಂತ ಸಾರಿಬಿಟ್ಟಿದ್ದಾರೆ. ಇನ್ನು ಯಾರ್ಯಾರು ಮೊಣಕಾಲು ನೋವು ತೋರಿಸೋಕೆ ಬರ್ತಾರೋ ಗೊತ್ತಿಲ್ಲ.

ಗೈಡ್ ಮೇಡಂ, ಜೂನಿಯರ್‌ಗಳು, ಫೀಸು ಕಟ್ಟಿದ ತಮ್ಮ, ಆಸ್ಪತ್ರೆಗೆ ಬುತ್ತಿ ತಂದ ಪಕ್ಕದ ಮನೆ ಅತ್ತೆ, ನಿಮಗೆಲ್ಲ ಥೀಸಿಸ್‌ನಲ್ಲೇ ಥ್ಯಾಂಕ್ಸ್ ಹೇಳಿದ್ದೇನೆ, ಇಲ್ಲಿ ಇನ್ನೊಮ್ಮೆ. ಈ ಬರಹ ಪಿ.ಬಿ. ರಸ್ತೆ ಹತ್ತಿರದ ಮೋಟರ್ ವೈಂಡಿಂಗ್ ಅಂಗಡಿಯ ಅಣ್ಣನಿಗೆ. ಥೀಸಿಸ್‌ನಲ್ಲಿ ಅವರೂ ಇದ್ದಾರೆ, ಆದರೆ ಅದು ಇಂಗ್ಲಿಷಿನಲ್ಲಿದೆ. ಇಲ್ಲಿ ಮಾತ್ರ ಹೆಸರು ಹಾಕುವ ಹಾಗಿಲ್ಲ. "ಪುಕ್ಕಟೆ ಕೆಲಸ ಮಾಡ್ತಾನೆ ಅಂತ ಊರೆಲ್ಲ ಬರ್ತೈತಿ" ಅಂದಿದ್ದಾರೆ.

ಅಪ್ಪನ ವಿಷಯ ನಿಮಗೆಲ್ಲ ಗೊತ್ತೇ ಇದೆ. ಆ ರಾತ್ರಿ ಅಪ್ಪ ಐಸಿಯುನಲ್ಲಿದ್ದರು. ತಮ್ಮ ಹೊರಗೆ ಕೂತಿದ್ದ, ನನ್ನನ್ನು ಬೈದು ಲ್ಯಾಬಿಗೆ ಕಳಿಸಿದ್ದ. ಒಂದು ಅಳತೆ ಮತ್ತೆ ಮಾಡಿ ಅಂತ ಪರೀಕ್ಷಕರು ಕೇಳಿದ್ದರು. ಉಳಿದಿದ್ದು ಒಂದೇ ಹೀಲಿಯಂ ಸಿಲಿಂಡರ್. ಅದು ಹೊರದೇಶದಿಂದ ಬರಬೇಕು, ಕೇಳಿದ ತಕ್ಷಣ ಸಿಗಲ್ಲ.

ನನ್ನ ಮಷೀನಿನಲ್ಲಿ ಒಂದು ಕೊಳವೆ ಇದೆ. ಅದರಲ್ಲಿ ಅಯಾನುಗಳನ್ನು, ಅಂದರೆ ಚಾರ್ಜ್ ಇರುವ ಅಣುಗಳನ್ನು, ಹರಿಸಿ ಕೊನೆಯಲ್ಲಿ ತೂಕದ ಪ್ರಕಾರ ಎಣಿಸುತ್ತೇವೆ. ಸ್ಕ್ರೀನಿನಲ್ಲಿ 19 ತೂಕದ ಪೀಕ್ ಇಳಿಯುತ್ತಾ 37, 55 ಏರತೊಡಗಿದವು. 19 ಅಂದರೆ ಹೈಡ್ರೋನಿಯಂ, ನೀರಿಗೆ ಒಂದು ಪ್ರೋಟಾನ್ ಸೇರಿದ ಅಯಾನು. ಅದಕ್ಕೆ ಒಂದೊಂದೇ ನೀರಿನ ಅಣು ಅಂಟಿಕೊಂಡರೆ 37, ಆಮೇಲೆ 55. ಪಂಪ್ ಎಳೀತಿಲ್ಲ, ಕೊಳವೆಯಲ್ಲಿ ಒತ್ತಡ ಏರ್ತಿದೆ ಅಂತ ಲೆಕ್ಕ. ಎದ್ದು ಓಡುವಷ್ಟರಲ್ಲಿ ಸುಟ್ಟ ವಾಸನೆ. ಕರೆಂಟಿನಲ್ಲಿ ಒಂದು ಫೇಸ್ ಹೋಗಿತ್ತು. ಕೊಳವೆಯಿಂದ ಅನಿಲ ಎಳೆಯುವ ರೂಟ್ಸ್ ಪಂಪಿನ ಮೋಟರ್ ಉಳಿದೆರಡರ ಮೇಲೇ ಓಡಿ ಸುಟ್ಟಿತ್ತು.

ಆಟೋದಲ್ಲಿ ಹಾಕಿಕೊಂಡು ಹೋದಾಗ ಅಣ್ಣ ಶೆಟರ್ ಎಳೆಯುತ್ತಿದ್ದರು. ಒಳಗೆ ಚನ್ನಗಿರಿ ಕಡೆಯ ಅಡಿಕೆ ತೋಟಗಳ ಪಂಪ್‌ಸೆಟ್ ಮೋಟರ್‌ಗಳು ಸಾಲಾಗಿ ಕೂತಿದ್ದವು. ಬೇಸಿಗೆ ಅಂದ್ರೆ ವೈಂಡಿಂಗ್‌ನವರಿಗೆ ಸುಗ್ಗಿ. ನಮ್ಮ ಭಟ್ಟಿಯ ಬ್ಲೋವರ್ ಮೋಟರ್ ಸುತ್ತುವುದೂ ಇವರೇ. "ಅಪ್ಪಾರು ಹೆಂಗಿದಾರೆ?" ಅಂತ ಕೇಳಿದರು. ನನ್ನಿಂದ ಉತ್ತರ ಬರಲಿಲ್ಲ. "ಇಳ್ಸು" ಅಂದು ಶೆಟರ್ ಮತ್ತೆ ಮೇಲೆತ್ತಿದರು.

ಸುಟ್ಟ ತಂತಿ ಕಿತ್ತರು, ಸ್ಲಾಟಿಗೆ ಹೊಸ ಪೇಪರ್ ಹಾಕಿದರು, ಕಾಯಿಲ್ ಸುತ್ತಲು ಕೂತರು. ನಾನು ಅಳುತ್ತಾ ಕೂತಿದ್ದೆ. ಸಮಾಧಾನದ ಮಾತೇನೂ ಆಡಲಿಲ್ಲ. "ಸುತ್ತು ಎಣಿಸು ತಂಗಿ, ನಂಗೆ ಲೆಕ್ಕ ತಪ್ತೈತಿ" ಅಂದರು. ಅವರಿಗೆ ಲೆಕ್ಕ ತಪ್ಪುತ್ತಾ? ಎಣಿಸಿದೆ.

ನಡುರಾತ್ರಿ ದಾಟಿದ ಮೇಲೆ, ಆ ಕೊಳವೆಯೊಳಗೆ ಏನು ಮಾಡ್ತೀಯ ಅಂದರು. ಹೇಳಿದೆ. ಅಯಾನಿಗೆ ಚಾರ್ಜ್ ಇದೆ, ಎದುರಿನ ಅಣುವಿಗೆ ಇಲ್ಲ. ಹತ್ತಿರ ಬಂದಾಗ ಅಯಾನು ಆ ಅಣುವಿನ ಎಲೆಕ್ಟ್ರಾನ್‌ಗಳನ್ನು ಒಂದು ಕಡೆ ಜರುಗಿಸುತ್ತದೆ, ಆಮೇಲೆ ತನ್ನ ಕಡೆ ಎಳೆದುಕೊಳ್ಳುತ್ತದೆ. "ಮ್ಯಾಗ್ನೆಟ್ ತಂದ್ರೆ ಕಬ್ಬಿಣ ಬರ್ತದಲ್ಲ, ಹಂಗೆ" ಅಂದರು. ಫ್ರಾನ್ಸಿನ ಭೌತವಿಜ್ಞಾನಿ ಲ್ಯಾಂಜೆವಿನ್ 1905ರಲ್ಲಿ ಲೆಕ್ಕ ಹಾಕಿದ್ದು ಈ ಎಳೆತವನ್ನೇ. ವೈವಾದಲ್ಲಿ ಇದಕ್ಕೆ ಎಷ್ಟೊಂದು ಸ್ಲೈಡ್ ಹಾಕಿದೆ ನಾನು! ಎಳೆತ ಇರುವುದರಿಂದ ಇಂಥ ಎಷ್ಟೋ ಕ್ರಿಯೆಗಳಿಗೆ ಬಿಸಿ ಬೇಕಿಲ್ಲ, ನಕ್ಷತ್ರಗಳ ನಡುವಿನ ಕೊರೆಯುವ ಮೋಡಗಳಲ್ಲೂ ನಡೆಯುತ್ತವೆ ಅಂದೆ. ಮೂರು ಹೈಡ್ರೋಜನ್ ಸೇರಿದ ಅಯಾನನ್ನು ಜೆ.ಜೆ. ಥಾಮ್ಸನ್ 1911ರಲ್ಲೇ ಲ್ಯಾಬಿನಲ್ಲಿ ಕಂಡಿದ್ದರು, ಆ ಮೋಡಗಳಲ್ಲಿ ಅದು ಸಿಕ್ಕ ಸುದ್ದಿ ಬಂದಿದ್ದು 1996ರಲ್ಲಿ ಅಂತಲೂ ಸೇರಿಸಿದೆ. "ಸರಿ ಸರಿ, ಎಣಿಸು" ಅಂದರು.

ಅಳೆಯುವುದು ಹೇಗೆ ಅನ್ನುವುದರಲ್ಲಿ ಅವರಿಗೆ ಜಾಸ್ತಿ ಆಸಕ್ತಿ. 1976ರಲ್ಲಿ ಆಡಮ್ಸ್ ಮತ್ತು ಸ್ಮಿತ್ ಅನ್ನುವ ವಿಜ್ಞಾನಿಗಳು ತೋರಿಸಿದ ದಾರಿ ಅದು. ಬೇಕಾದ ಅಯಾನನ್ನು ಮಾತ್ರ ಸೋಸಿ ಕೊಳವೆಗೆ ಬಿಡುವುದು. ಹೀಲಿಯಂ ಅದನ್ನು ಹೊತ್ತೊಯ್ಯುತ್ತದೆ, ಅದಕ್ಕೇ ಪಂಪ್ ಬಿಡದೆ ಎಳೆಯಬೇಕು. ದಾರಿಯಲ್ಲಿ ನಿಂಬೆ ಸಿಪ್ಪೆಯ ಲಿಮೊನೀನ್ ಆವಿ ಬಿಡುತ್ತೇವೆ. ಕೊನೆಯಲ್ಲಿ ಎಣಿಸಿದರೆ 19 ಕಡಿಮೆಯಾಗಿ 137 (ಪ್ರೋಟಾನ್ ಸೇರಿದ ಲಿಮೊನೀನ್), 81 (ಅದರ ಒಂದು ಚೂರು) ಹುಟ್ಟಿರುತ್ತವೆ. ಆವಿ ಹೆಚ್ಚಿಸುತ್ತಾ, ಉಳಿದ 19ರ ಲಾಗ್ ತೆಗೆದು ಗ್ರಾಫ್ ಹಾಕಿದರೆ ನೇರ ಗೆರೆ. ಅದರ ಇಳಿಜಾರಿನಿಂದ ಕ್ರಿಯೆಯ ವೇಗ ಸಿಗುತ್ತದೆ. ವೇಗ ಗೊತ್ತಾದರೆ ಲೆಕ್ಕ ಉಲ್ಟಾ ಮಾಡಬಹುದು. ಯಾರದಾದರೂ ಉಸಿರನ್ನು ಕೊಳವೆಗೆ ಬಿಟ್ಟು, ಅದರಲ್ಲಿ ಅಸಿಟೋನ್ ಎಷ್ಟಿದೆ ಹೇಳಬಹುದು.

"ಅಪ್ಪಾರ ಉಸಿರೂ ನೋಡಬೌದಾ?"

ನೋಡಬಹುದು. ನೋಡಿ ಏನು ಮಾಡೋದು? ಆ ಹೊತ್ತಿಗೆ ಅಪ್ಪನಿಗೆ ಉಸಿರು ಕೊಡುತ್ತಿದ್ದದ್ದು ಬೇರೆ ಮಷೀನು. ನನ್ನದು ಅವರ ಯಾವ ಉಪಯೋಗಕ್ಕೂ ಇಲ್ಲ. ಇಷ್ಟು ವರ್ಷ ಯಾಕೆ ಹಾಳು ಮಾಡಿಕೊಂಡೆ, ಮನೆಯಲ್ಲಿ ಇರಬಾರದಿತ್ತಾ ಅಂತ ಕೂಗಾಡಿಬಿಟ್ಟೆ. ಅವರು ಕೇಳಿಸಿಕೊಂಡರು. "ಮೊದ್ಲು ಇದು ತಿರುಗ್ಲಿ ತಂಗಿ" ಅಂದರು.

ವಾರ್ನಿಷ್ ಹಾಕಿ, ದೊಡ್ಡ ಬಲ್ಬ್ ಇಟ್ಟು ಒಣಗಿಸಿದರು. ಲ್ಯಾಬಿಗೆ ಬಂದು ತಾವೇ ಕೂರಿಸಿದರು. ಫೇಸ್ ಹೋದರೆ ತಾನೇ ಆಫ್ ಆಗುವ ಪ್ರಿವೆಂಟರ್ ಕೂಡ ಹಾಕಿದರು. ಜೂನಿಯರ್‌ಗಳೇ, ಅದನ್ನು ಯಾವ ಕಾರಣಕ್ಕೂ ಬೈಪಾಸ್ ಮಾಡಬೇಡಿ. 37 ಇಳಿಯಿತು, 19 ಸ್ಥಿರವಾಗಿ ನಿಂತಿತು, ಅಳತೆ ಮುಗಿಯಿತು. ಅಪ್ಪ ಮನೆಗೆ ಬಂದಿದ್ದು ತುಂಬ ದಿನದ ಮೇಲೆ. ಅದು ಡಾಕ್ಟರು, ನರ್ಸುಗಳ ಪುಣ್ಯ.

ಅಣ್ಣ, ನೀವು ತಾಮ್ರದ ದುಡ್ಡು ಮಾತ್ರ ತಗೊಂಡ್ರಿ. ಕೂಲಿ ಪಾಸಾದ ಮೇಲೆ ಕೊಡು ಅಂದಿದ್ರಿ. ಪಾಸಾಗಿದ್ದೀನಿ. ಭಾನುವಾರ ಅಪ್ಪನೂ ನಾನೂ ಅಂಗಡಿಗೆ ಬರ್ತೀವಿ, ಎಲ್ಲೂ ಹೋಗಬೇಡ್ರಿ.